ತೊಗರಿ ಕಟ್ಟಿಗೆ, ಕಬ್ಬಿನ ಸಿಪ್ಪೆ, ನುಚ್ಚಕ್ಕಿ: ಕೊಳೆಯುವ ಪ್ಲಾಸ್ಟಿಕ್‌ಗೆ ಯಾವ ದಾರಿ ಹಿಡಿಯಬೇಕು?

ದಾಲ್‌ಮಿಲ್ಲಿನ ಹಿತ್ತಲಲ್ಲಿ ಬೀಳುವ ತೊಗರಿ ಹೊಟ್ಟು, ರಾಶಿ ಮುಗಿದ ಮೇಲೆ ಬದುವಿಗೆ ಒಟ್ಟುವ ತೊಗರಿ ಕಟ್ಟಿಗೆ, ಹೊಲದಲ್ಲಿ ನಿಂತಲ್ಲೇ ಒಣಗುವ ಹತ್ತಿ ಕಟ್ಟಿಗೆ, ಅಕ್ಕಿ ಗಿರಣಿಯ ಭತ್ತದ ಹೊಟ್ಟು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ: ಇವನ್ನೆಲ್ಲ ನೋಡಿದರೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಕಚ್ಚಾ ಮಾಲಿಗೆ ಬರವಿಲ್ಲವೆಂದೇ ಯಾರಿಗಾದರೂ ಅನಿಸುತ್ತದೆ. ಹಾಗಾಗಿ ಇದರಿಂದ ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಮಾಡಬಹುದಲ್ಲ ಎಂದು ಯೋಚಿಸುವವರು ಹೆಚ್ಚುತ್ತಿದ್ದಾರೆ. ಕಲಬುರಗಿಯ ನೆಹರೂ ಗಂಜ್‌ನ ಮಿಲ್ಲಿನವರು, ಶಹಾಪುರ–ಸುರಪುರ ಭಾಗದ ಗಿರಣಿಯವರು, ಭಾಲ್ಕಿ–ಹುಮನಾಬಾದ್ ಕಡೆಯ ರೈತ ಉತ್ಪಾದಕ ಕಂಪನಿಗಳು, ಓದು ಮುಗಿಸಿ ಊರಲ್ಲೇ ಉದ್ಯೋಗ ಕಟ್ಟಬೇಕೆನ್ನುವ ತರುಣರು, ಎಲ್ಲರ ಮುಂದೆಯೂ ನಾಲ್ಕೈದು ದಾರಿಗಳಿವೆ, ಮತ್ತು ಪ್ರತಿ ದಾರಿಗೂ ಅದೇ ಶ್ರೇಷ್ಠವೆಂದು ಹೇಳುವ ಯಂತ್ರ ಮಾರಾಟಗಾರನೊಬ್ಬನಿದ್ದಾನೆ. ಆ ದಾರಿಗಳನ್ನು ನಮ್ಮ ಬಿಸಿಲು, ನಮ್ಮ ನೀರು ಮತ್ತು ನಮ್ಮ ಮಾರುಕಟ್ಟೆಯ ಲೆಕ್ಕದಲ್ಲಿ ತೂಗಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ವಸ್ತು ಯಾವುದರಿಂದ ಆಗಿದೆ ಎಂಬುದು ಒಂದು ಪ್ರಶ್ನೆ. ಅದು ಕೊಳೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಪಿಬಿಎಟಿ ಎಂಬ ಪಾಲಿಮರನ್ನು (ಉದ್ದನೆಯ ಅಣುಸರಪಳಿಗಳ ಪದಾರ್ಥವನ್ನು) ಇಂದಿಗೂ ಬಹುಪಾಲು ಪೆಟ್ರೋಲಿಯಂ ಮೂಲದಿಂದಲೇ ತಯಾರಿಸುತ್ತಾರೆ, ಆದರೂ ಅದು ಕಾಂಪೋಸ್ಟ್ ಆಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಭತ್ತದ ಹೊಟ್ಟಿನ ಪುಡಿಯನ್ನು ಪಾಲಿಪ್ರೊಪಿಲೀನ್ ಜೊತೆ ಬೆರೆಸಿ ಎರಕ ಹೊಯ್ದ ಲೋಟಗಳು ಕೃಷಿ ತ್ಯಾಜ್ಯದ ಹೆಸರಿನಲ್ಲಿ ಮಾರಾಟವಾಗುತ್ತವೆ, ಆದರೆ ಅವು ಕೊಳೆಯುವುದಿಲ್ಲ; ಹೊಟ್ಟು ಹೋದ ಮೇಲೆ ಪ್ಲಾಸ್ಟಿಕ್ಕಿನ ಚೂರುಗಳು ಮಣ್ಣಲ್ಲಿ ಉಳಿಯುತ್ತವೆ. ಸಾಮಾನ್ಯ ಪಾಲಿಥೀನ್‌ಗೆ ಲೋಹದ ಲವಣ ಬೆರೆಸಿ ಬಿಸಿಲಿಗೆ ಪುಡಿಯಾಗುವಂತೆ ಮಾಡಿದ ಆಕ್ಸೊ ಪ್ಲಾಸ್ಟಿಕ್‌ನ ಕಥೆಯೂ ಇದೇ. ಈ ಎರಡನ್ನೂ ಹೋಲಿಕೆಯಿಂದಲೇ ಹೊರಗಿಡುತ್ತೇನೆ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯ ಅಳತೆಗೋಲು ಕಚ್ಚಾ ಮಾಲಿನದು, ಮತ್ತು ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲಿಯೇ. ನೀವು ತ್ಯಾಜ್ಯವೆಂದು ಕರೆಯುವ ವಸ್ತುವಿಗೆ ಇಂದು ಬೇರೆ ಗಿರಾಕಿ ಇದ್ದಾನೆಯೇ ಎಂದು ಕೇಳಿಕೊಳ್ಳಬೇಕು. ಜೋಳದ ಕಣಕಿ ನಮ್ಮಲ್ಲಿ ಎಂದೂ ತ್ಯಾಜ್ಯವಾಗಿರಲಿಲ್ಲ, ಅದು ದನದ ಮೇವು. ತೊಗರಿಯ ಹೊಟ್ಟು ಮತ್ತು ಚುನ್ನಿ ಪಶು ಆಹಾರಕ್ಕೆ ಹೋಗುತ್ತವೆ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಯೇ ಬಾಯ್ಲರಿಗೆ ಹಾಕಿಕೊಳ್ಳುತ್ತದೆ; ಸಹವಿದ್ಯುತ್ ಘಟಕವಿದ್ದರೆ ಮಿಕ್ಕಿದ ಕರೆಂಟನ್ನು ಮಾರುತ್ತದೆ. ಕಾಕಂಬಿಯೂ ನುಚ್ಚಕ್ಕಿಯೂ ಮೆಕ್ಕೆಜೋಳವೂ ಎಥೆನಾಲ್ ಘಟಕಗಳ ಕಡೆ ಹರಿಯುತ್ತಿವೆ. ಪೆಟ್ರೋಲ್‌ಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ ಮೇಲೆ ಇವುಗಳ ಬೆಲೆಯನ್ನು ಗೊತ್ತು ಮಾಡುವುದು ಇಂಧನದ ಮಾರುಕಟ್ಟೆಯೇ ಹೊರತು ನಿಮ್ಮ ಯೋಜನಾ ವರದಿಯಲ್ಲ. ನಿಜವಾಗಿ ಗಿರಾಕಿಯಿಲ್ಲದೆ ಉಳಿಯುವುದು ತೊಗರಿ ಕಟ್ಟಿಗೆ ಮತ್ತು ಹತ್ತಿ ಕಟ್ಟಿಗೆ. ಅವೂ ಒಂದಿಷ್ಟು ಒಲೆಗೆ, ಬೇಲಿಗೆ ಹೋಗುತ್ತವೆ, ಉಳಿದದ್ದನ್ನು ಹೊಲದಲ್ಲೇ ಸುಡುತ್ತಾರೆ. ತೊಡಕೆಂದರೆ ಈ ಎರಡರಲ್ಲೂ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಹೆಚ್ಚು, ಮರದಷ್ಟೇ ಗಡಸು. ಪಿಷ್ಟವಾಗಲಿ ಸಕ್ಕರೆಯಾಗಲಿ ಸುಲಭವಾಗಿ ಕೈಗೆ ಬರುವುದಿಲ್ಲ. ಅಂದರೆ ಸಲೀಸಾಗಿ ಪ್ಲಾಸ್ಟಿಕ್ ಆಗುವ ವಸ್ತುವಿಗೆ ನಮ್ಮಲ್ಲಿ ಆಗಲೇ ಬೆಲೆ ಇದೆ, ಬೆಲೆಯಿಲ್ಲದೆ ಬಿದ್ದಿರುವ ವಸ್ತು ಸಲೀಸಾಗಿ ಪ್ಲಾಸ್ಟಿಕ್ ಆಗುವುದಿಲ್ಲ. ಮುಂದಿನ ಪ್ರತಿಯೊಂದು ದಾರಿಯನ್ನೂ ಈ ಮಾತನ್ನು ನೆನಪಿಟ್ಟುಕೊಂಡೇ ನೋಡಬೇಕು.

ಎರಡನೆಯದು ಬಿಸಿಲು ಮತ್ತು ಒಣಹವೆ. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ; ತಗಡಿನ ಮಾಡಿನ ಗೋದಾಮಿನಲ್ಲಿ, ನಿಂತ ಲಾರಿಯ ತಾಡಪಾಲಿನ ಅಡಿಯಲ್ಲಿ ಶಾಖ ಇನ್ನೂ ಹೆಚ್ಚಿರುತ್ತದೆ. ಯುರೋಪಿನ ಹವೆಗೆ ಸರಿಹೊಂದುವ ಪದಾರ್ಥ ಇಲ್ಲಿ ಬಾಳುತ್ತದೆಂದು ನಂಬುವಂತಿಲ್ಲ.

ಮೂರನೆಯದು, ಬಳಸಿ ಬಿಸಾಡಿದ ಮೇಲೆ ಅದು ಎಲ್ಲಿ ಬೀಳುತ್ತದೆ ಎಂಬುದು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ನಮ್ಮ ದೇಶದಲ್ಲಿ ಒಪ್ಪಿಕೊಂಡಿರುವ ಮಾನದಂಡ ಐಎಸ್/ಐಎಸ್‌ಒ 17088. ಅದರ ಪ್ರಕಾರ ಸುಮಾರು 58 ಡಿಗ್ರಿಯ ಕಾಂಪೋಸ್ಟಿನಲ್ಲಿ 180 ದಿನಗಳೊಳಗೆ ಪದಾರ್ಥದ ಇಂಗಾಲದ ನೂರಕ್ಕೆ 90 ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಬೇಕು, ಮತ್ತು 12 ವಾರಗಳ ನಂತರ ಎರಡು ಮಿಲಿಮೀಟರ್ ಜರಡಿಯ ಮೇಲೆ ಮೂಲ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಉಳಿಯಬಾರದು. ಇದು ಕೈಗಾರಿಕಾ ಮಟ್ಟದ ಕಾಂಪೋಸ್ಟಿನ ಸ್ಥಿತಿ. ಜಾತ್ರೆಯ ಬಯಲಿನಲ್ಲಿ, ಚರಂಡಿಯಲ್ಲಿ, ಹೊಲದ ಬದುವಿನಲ್ಲಿ ಬಿದ್ದ ವಸ್ತುವಿಗೆ ಅಂಥ ಶಾಖವನ್ನು ತಿಂಗಳುಗಟ್ಟಲೆ ಯಾರೂ ಕೊಡುವುದಿಲ್ಲ.

ನಾಲ್ಕನೆಯದು ಕಾನೂನು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆಗಳು ನಿಷಿದ್ಧ. ಅದೇ ವರ್ಷದ ಡಿಸೆಂಬರ್ 31ರಿಂದ ಕೈಚೀಲ 120 ಮೈಕ್ರಾನ್‌ಗಿಂತ ತೆಳ್ಳಗಿರುವಂತಿಲ್ಲ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ಈ ನಿಯಮಗಳಿಂದ ವಿನಾಯಿತಿ ಇದೆ, ಆದರೆ ಅದನ್ನು ತಯಾರಿಸುವವರು ಮತ್ತು ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಲೇಬೇಕು. ನಾರಿನಿಂದ ಒತ್ತಿ ಮಾಡಿದ ತಟ್ಟೆ–ಬಟ್ಟಲುಗಳದು ಬೇರೆ ಹಾದಿ: ಅವಕ್ಕೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 18267 ಎಂಬ ಪ್ರತ್ಯೇಕ ಮಾನದಂಡವನ್ನು ಹೊರಡಿಸಿದೆ. ಸಣ್ಣ ಬಂಡವಾಳದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಇನ್ನು ನೀರು ಮತ್ತು ಬಂಡವಾಳ. ಇವುಗಳ ಬಗ್ಗೆ ಆಯಾ ದಾರಿಯ ಜೊತೆಯಲ್ಲೇ ಹೇಳುತ್ತೇನೆ.

ಕಬ್ಬಿನ ಸಿಪ್ಪೆಯ ತಿರುಳಿನ ತಟ್ಟೆ

ಕಟ್ಟುನಿಟ್ಟಾಗಿ ಹೇಳಿದರೆ ಇದು ಪ್ಲಾಸ್ಟಿಕ್ ಅಲ್ಲ, ಪ್ಲಾಸ್ಟಿಕ್ ಮತ್ತು ಥರ್ಮಾಕೋಲ್ ತಟ್ಟೆಯ ಜಾಗ ತುಂಬುವ ವಸ್ತು. ಆದರೂ ಮಾರುಕಟ್ಟೆಯಲ್ಲಿ ಗೆದ್ದಿರುವುದು ಇದೇ. ಉತ್ತರ ಪ್ರದೇಶದ ಅಯೋಧ್ಯೆಯಲ್ಲಿ ಕಾಗದದ ಕಾರ್ಖಾನೆಯೊಂದು ‘ಚಕ್’ ಎಂಬ ಹೆಸರಿನಲ್ಲಿ ಕಬ್ಬಿನ ಸಿಪ್ಪೆಯ ತಟ್ಟೆಗಳನ್ನು ಹಲವು ವರ್ಷಗಳಿಂದ ತಯಾರಿಸುತ್ತಿದೆ.

ಬೀದರ್ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿರುವುದರಿಂದ ಕಚ್ಚಾ ಮಾಲು ಕೈಯಳತೆಯಲ್ಲಿದೆ ಎಂದು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 280ರಿಂದ 300 ಕಿಲೋ ಸಿಪ್ಪೆ ಬರುತ್ತದೆ, ಅದರಲ್ಲಿ ಅರ್ಧ ನೀರು. ಒಂದು ಟನ್ ಹಸಿ ಸಿಪ್ಪೆ ತಂದರೆ ಒಣ ತೂಕ 500 ಕಿಲೋ. ಒಳಗಿನ ಮೆತ್ತನೆಯ ಬೆಂಡು ತಟ್ಟೆಗೆ ಬಾರದು, ಅದನ್ನು ಬೇರ್ಪಡಿಸಿದರೆ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿ 350 ಕಿಲೋದಷ್ಟು ನಾರು ಉಳಿಯುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ತಿರುಳು (ಪಲ್ಪ್) ತೆಗೆದಾಗ ಅದೂ ಅರ್ಧಕ್ಕಿಳಿದು 170–180 ಕಿಲೋಗೆ ನಿಲ್ಲುತ್ತದೆ. ಹತ್ತು ಅಂಗುಲದ ಒಂದು ಊಟದ ತಟ್ಟೆಗೆ 20 ಗ್ರಾಂ ಹಿಡಿದರೂ ಒಂದು ಟನ್ ಸಿಪ್ಪೆಯಿಂದ ಎಂಟೂವರೆ–ಒಂಬತ್ತು ಸಾವಿರ ತಟ್ಟೆ. ಕೇಳಲು ಚೆನ್ನಾಗಿದೆ. ಆದರೆ ಬೇಯಿಸಿದ ನಂತರ ಉಳಿಯುವ ಕಪ್ಪು ದ್ರಾವಣವನ್ನು ಏನು ಮಾಡುತ್ತೀರಿ? ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಶುದ್ಧೀಕರಣ ಘಟಕ ಹಾಕಿದರೆ ತಟ್ಟೆಯ ಯಂತ್ರಕ್ಕಿಂತ ಅದರ ಖರ್ಚೇ ಹೆಚ್ಚಾಗಬಹುದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ತಿರುಳು ತೊಳೆಯುವ ನೀರಿನ ಮಾತೂ ಬರುತ್ತದೆ.

ಆದ್ದರಿಂದ ಒಂದೆರಡು ಕೋಟಿಯೊಳಗಿನ ಬಂಡವಾಳದವರು ತಿರುಳು ತೆಗೆಯುವ ಗೋಜಿಗೇ ಹೋಗದೆ, ಕಾಗದದ ಕಾರ್ಖಾನೆಗಳಿಂದ ಒಣ ತಿರುಳಿನ ಹಾಳೆಗಳನ್ನು ಕೊಂಡು, ನೀರಿನಲ್ಲಿ ಕದಡಿ, ಜಾಲರಿ ಅಚ್ಚಿನಲ್ಲಿ ಹಿಡಿದು, 160ರಿಂದ 200 ಡಿಗ್ರಿ ಶಾಖದಲ್ಲಿ ಒತ್ತುವ ಕೆಲಸ ಮಾತ್ರ ಮಾಡುವುದು ಜಾಣತನ. ಹೀಗೆ ಮಾಡಿದರೆ ನೀರನ್ನು ಮರುಬಳಸಬಹುದು, ಕಪ್ಪು ದ್ರಾವಣವೂ ಇರುವುದಿಲ್ಲ. ಆದರೆ ಸ್ಥಳೀಯ ತ್ಯಾಜ್ಯದ ಬಳಕೆ ಎಂಬ ಮೂಲ ಆಶಯ ಇಲ್ಲಿ ಸಡಿಲವಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಶಾಖಕ್ಕೆ ಈ ತಟ್ಟೆ ಅಂಜುವುದಿಲ್ಲ. ಎಣ್ಣೆಗೆ ಮಾತ್ರ ಅಂಜುತ್ತದೆ. ನಮ್ಮ ಎಣ್ಣೆಗಾಯಿ, ಮೇಲೆ ಖಾರದೆಣ್ಣೆ ತೇಲುವ ಸಾರು ಬಿದ್ದ ಮೇಲೆ ಅರ್ಧ ಗಂಟೆ ತಡೆಯಬೇಕಾದರೆ ತಿರುಳಿಗೆ ಎಣ್ಣೆ–ನೀರು ತಡೆಯುವ ಪದಾರ್ಥ ಬೆರೆಸಬೇಕಾಗುತ್ತದೆ. ಅಗ್ಗವಾಗಿ ಸಿಗುವ ಕೆಲವು ಪದಾರ್ಥಗಳಲ್ಲಿ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳಿರುತ್ತವೆ. ಅವು ಮಣ್ಣಲ್ಲೂ ದೇಹದಲ್ಲೂ ಬಹುಕಾಲ ಉಳಿಯುವುದರಿಂದ ಜಗತ್ತಿನೆಲ್ಲೆಡೆ ತಿರಸ್ಕೃತವಾಗುತ್ತಿವೆ. ಮಾರುವವನಿಂದ ಫ್ಲೋರಿನ್ ಇಲ್ಲವೆಂಬ ಪರೀಕ್ಷಾ ವರದಿಯನ್ನು ಲಿಖಿತವಾಗಿ ಪಡೆಯದೆ ಖರೀದಿಸಬೇಡಿ.

ತೌಡು ಮತ್ತು ಹೊಟ್ಟನ್ನು ಒಣದಾಗಿ ಒತ್ತುವ ವಿಧಾನ

ಪೋಲೆಂಡಿನ ಬಯೋಟ್ರೆಮ್ ಎಂಬ ಕಂಪನಿ ಗೋಧಿ ತೌಡನ್ನು ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಒತ್ತಿ ತಟ್ಟೆ ಮಾಡಿ ಹೆಸರಾಯಿತು. ನಮ್ಮಲ್ಲಿ ತಿರುವನಂತಪುರದ ಎನ್‌ಐಐಎಸ್‌ಟಿ, ಅಂದರೆ ಸಿಎಸ್‌ಐಆರ್‌ನ ಅಂತರಶಿಸ್ತೀಯ ವಿಜ್ಞಾನ–ತಂತ್ರಜ್ಞಾನ ಸಂಸ್ಥೆ, ತೌಡು ಮತ್ತಿತರ ಕೃಷಿ ಶೇಷಗಳಿಂದ ತಟ್ಟೆ ಮಾಡುವ ತಂತ್ರಜ್ಞಾನವನ್ನು ರೂಪಿಸಿ ಉದ್ಯಮಿಗಳಿಗೆ ವರ್ಗಾಯಿಸುತ್ತಿದೆ. ಗೋಧಿ ತೌಡಿನಲ್ಲಿರುವ ಪಿಷ್ಟ ಮತ್ತು ಸಸಾರಜನಕ ಶಾಖಕ್ಕೆ ಕರಗಿ ಅಂಟಾಗುವುದರಿಂದ ಬೇರೆ ಅಂಟು ಬೇಡ. ನೀರಿನ ಖರ್ಚು ಬಹಳ ಕಡಿಮೆ, ಹೊರಬೀಳುವ ದ್ರಾವಣವಿಲ್ಲ, ಕೆಲವೇ ಲಕ್ಷಗಳಲ್ಲಿ ಸಣ್ಣ ಘಟಕ ಶುರು ಮಾಡಬಹುದು.

ಮಿಲ್ಲಿನವರು ಇಲ್ಲಿ ಕೇಳುವುದು, ತೊಗರಿ ಹೊಟ್ಟಿನಿಂದ ಆಗುತ್ತದೆಯೇ ಎಂದು. ತೊಗರಿ ಕಾಳಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಸಿಪ್ಪೆ. ಅದರಲ್ಲಿ ನಾರು ಹೇರಳ, ಪಿಷ್ಟ ಅತಿ ಕಡಿಮೆ, ಹಾಗಾಗಿ ಅದನ್ನೊಂದನ್ನೇ ಒತ್ತಿದರೆ ತಟ್ಟೆಯ ಅಂಚು ಪುಡಿಯಾಗುತ್ತದೆ. ಅದೇ ಮಿಲ್ಲಿನಲ್ಲಿ ಬೀಳುವ ಬೇಳೆ ನುಚ್ಚಿನ ಹಿಟ್ಟನ್ನೋ ಗೋಧಿ ತೌಡನ್ನೋ ಒಂದು ಪಾಲು ಸೇರಿಸಿದರೆ ಕಚ್ಚುತ್ತದೆ. ಅಕ್ಕಿ ತೌಡಿನ ವಿಷಯದಲ್ಲಿ ಎಚ್ಚರ ಬೇಕು: ಅದರಲ್ಲಿ ಎಣ್ಣೆ ನೂರಕ್ಕೆ 15–20ರಷ್ಟಿದ್ದು, ಗಿರಣಿಯಿಂದ ಬಂದ ಕೆಲವೇ ದಿನಗಳಲ್ಲಿ ಮುಗ್ಗು ವಾಸನೆ ಹಿಡಿಯುತ್ತದೆ, ಎಣ್ಣೆ ತೆಗೆದ ತೌಡನ್ನೇ ಬಳಸಬೇಕು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಅಚ್ಚಿನ ಉಕ್ಕನ್ನೇ ಸವೆಸುತ್ತದೆ. ಯಾದಗಿರಿಯಲ್ಲಿ ಅದು ಎಷ್ಟೇ ರಾಶಿ ಬಿದ್ದಿದ್ದರೂ ಈ ಕೆಲಸಕ್ಕೆ ಮೊದಲ ಆಯ್ಕೆಯಾಗಲಾರದು.

ಕೊರತೆಗಳೂ ಇವೆ. ಒಂದೊಂದೇ ತಟ್ಟೆ ಒತ್ತುವುದರಿಂದ ಉತ್ಪಾದನೆ ನಿಧಾನ, ತಟ್ಟೆ ತೂಕ ಹೆಚ್ಚು, ಮಳೆಗಾಲದಲ್ಲಿ ಹುಳ ಮತ್ತು ಬೂಸ್ಟು ಹಿಡಿಯದಂತೆ ಪ್ಯಾಕ್ ಮಾಡಬೇಕು. ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನ ಒಂದೇ ಹೊತ್ತಿಗೆ ಉಣ್ಣುವಾಗ ಮುತ್ತುಗದ ಪತ್ರೋಳಿಯ ಬೆಲೆಯೊಂದಿಗೆ ಇದು ಪೈಪೋಟಿ ಮಾಡಲಾರದು. ಹೈದರಾಬಾದ್, ಪುಣೆಯ ಹೋಟೆಲುಗಳು, ಮದುವೆ ಅಡುಗೆಯ ಗುತ್ತಿಗೆದಾರರು ಇದಕ್ಕೆ ತಕ್ಕ ಗಿರಾಕಿಗಳು. ಬೀದರಿನಿಂದ ಹೈದರಾಬಾದ್ ಹತ್ತಿರವಿರುವುದು ಇಲ್ಲಿ ನಿಜವಾದ ಅನುಕೂಲ.

ಪಿಷ್ಟದ ಪ್ಲಾಸ್ಟಿಕ್

ಹೆಚ್ಚಿನವರ ಮನಸ್ಸಿನಲ್ಲಿ ‘ಸಸ್ಯದ ಪ್ಲಾಸ್ಟಿಕ್’ ಎಂದರೆ ಇದೇ, ಮನೆಯಲ್ಲೇ ಮಾಡಿ ನೋಡಬಹುದಾದದ್ದೂ ಇದೊಂದೇ. ಹತ್ತು ಗ್ರಾಂ ಕಾರ್ನ್‌ಫ್ಲೋರನ್ನು 60 ಮಿಲಿಲೀಟರ್ ನೀರಿನಲ್ಲಿ ಕದಡಿ, ಒಂದು ಚಮಚ ಗ್ಲಿಸರಿನ್, ಒಂದು ಚಮಚ ವಿನೆಗರ್ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಹಾಲಿನಂತಿದ್ದ ದ್ರವ ಕೆಲವು ನಿಮಿಷಗಳಲ್ಲಿ ಗಂಜಿಯಾಗಿ, ನಂತರ ಪಾರದರ್ಶಕ ಅಂಟಾಗುತ್ತದೆ. ಅದನ್ನು ಎಣ್ಣೆ ಸವರಿದ ಸ್ಟೀಲ್ ತಾಟಿನ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಒಣಗಿಸಿದರೆ ಒಂದೆರಡು ದಿನಗಳಲ್ಲಿ ಬಾಗುವ ಹಾಳೆ ಎದ್ದು ಬರುತ್ತದೆ. ಈ ಹಾಳೆಯೇ ಪಿಷ್ಟದ ಗುಣ–ದೋಷಗಳನ್ನು ಹೇಳಿಬಿಡುತ್ತದೆ. ಒಂದು ತುಂಡನ್ನು ನೀರಿನ ಲೋಟದಲ್ಲಿ ಇಡಿ, ಸ್ವಲ್ಪ ಹೊತ್ತಿನಲ್ಲೇ ಉಬ್ಬಿ ಮೆತ್ತಗಾಗುತ್ತದೆ. ಇನ್ನೊಂದು ತುಂಡನ್ನು ಏಪ್ರಿಲ್ ತಿಂಗಳ ಒಣ ಗಾಳಿಗೆ ಬಿಡಿ, ತೇವ ಕಳೆದುಕೊಂಡು ಬಾಗಿಸಿದಲ್ಲೇ ಮುರಿಯುತ್ತದೆ. ಪಿಷ್ಟದ ಅಣುಸರಪಳಿಗಳು ಕಾಲ ಕಳೆದಂತೆ ಮತ್ತೆ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ, ಹವೆ ಹದವಾಗಿದ್ದರೂ ಹಾಳೆ ವಾರಗಳಲ್ಲಿ ಗಡುಸಾಗುತ್ತದೆ.

ಇದಕ್ಕಾಗಿಯೇ ಕೈಗಾರಿಕೆಯಲ್ಲಿ ಪಿಷ್ಟವನ್ನು ಒಂದೇ ಬಳಸುವುದಿಲ್ಲ. ಪಿಬಿಎಟಿಯೊಂದಿಗೆ ಬೆರೆಸಿ ಸಣ್ಣ ಪ್ಲಾಸ್ಟಿಕ್ ಕಾಳುಗಳನ್ನಾಗಿ ಮಾಡಿ, ಊದಿ ಚೀಲದ ಹಾಳೆ ಎಳೆಯುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ಇಂಥ ಚೀಲದ ತಂತ್ರಜ್ಞಾನ ರೂಪಿಸಿ ಉದ್ಯಮಗಳಿಗೆ ನೀಡಿದೆ; ತಿರುಮಲದಲ್ಲಿ 2021ರಿಂದ ಲಡ್ಡು ಪ್ರಸಾದಕ್ಕೆ ಆ ಚೀಲಗಳನ್ನು ಮಾರಲಾಗುತ್ತಿದೆ. ಕಲಬುರಗಿಯ ಕಪನೂರು ಅಥವಾ ಬೀದರಿನ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಹಿಂದೆ ಪಾಲಿಥೀನ್ ಚೀಲ ಮಾಡಿ, ನಿಷೇಧದ ನಂತರ ಯಂತ್ರ ನಿಲ್ಲಿಸಿದವರಿದ್ದರೆ ಅವರಿಗೆ ಇದೇ ಹತ್ತಿರದ ದಾರಿ, ಏಕೆಂದರೆ ಹಳೆಯ ಊದುಯಂತ್ರವನ್ನೇ ಶಾಖ ಕಡಿಮೆ ಮಾಡಿ, ಕಾಳುಗಳನ್ನು ಚೆನ್ನಾಗಿ ಒಣಗಿಸಿಕೊಂಡು ಬಳಸಬಹುದು. ಆದರೆ ಕಾಳಿನ ಬೆಲೆ ಸಾಮಾನ್ಯ ಪಾಲಿಥೀನಿಗಿಂತ ಎರಡು ಪಟ್ಟಿನ ಆಸುಪಾಸಿನಲ್ಲಿರುತ್ತದೆ, ತಯಾರಾದ ಚೀಲವನ್ನು ವರ್ಷಗಟ್ಟಲೆ ದಾಸ್ತಾನಿಡುವಂತಿಲ್ಲ, ಪ್ರಮಾಣಪತ್ರದ ಪರೀಕ್ಷೆಗೇ ತಿಂಗಳುಗಳು ಹಿಡಿಯುತ್ತವೆ. ಚೀಲದ ಮೇಲೆ ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಇಲ್ಲದಿದ್ದರೆ ಪಾಲಿಕೆಯವರು ಅದನ್ನು ಸಾಮಾನ್ಯ ಪ್ಲಾಸ್ಟಿಕ್ ಎಂದೇ ಜಪ್ತಿ ಮಾಡುತ್ತಾರೆ, ಮಾಡಬೇಕಾದದ್ದೂ ಅದೇ.

ಕೃಷಿ ತ್ಯಾಜ್ಯದ ಪಾಲು ಇದರಲ್ಲಿ ಎಷ್ಟು? ಪಿಷ್ಟದ ಭಾಗ ಸಾಮಾನ್ಯವಾಗಿ ಮೂರನೇ ಒಂದರ ಆಸುಪಾಸು. ಆ ಪಿಷ್ಟವನ್ನು ನುಚ್ಚಕ್ಕಿಯಿಂದ ತೆಗೆಯಬಹುದು: ತೆಳು ಕ್ಷಾರದಲ್ಲಿ ನೆನೆಸಿ ಸಸಾರಜನಕ ಬಿಡಿಸಿ, ಅರೆದು, ತಂಗಿಸಿ, ತೊಳೆದು ಒಣಗಿಸುವ ಕೆಲಸ. ಆದರೆ ನುಚ್ಚಕ್ಕಿ ತಿನ್ನುವ ವಸ್ತು, ಮೇಲಾಗಿ ಎಥೆನಾಲಿನ ಗಿರಾಕಿ ಪಕ್ಕದಲ್ಲೇ ಇದ್ದಾನೆ. ನನ್ನ ಮಟ್ಟಿಗೆ ಇದನ್ನು ತ್ಯಾಜ್ಯದ ಉದ್ಯಮವೆಂದು ಕರೆಯುವುದು ಅಷ್ಟು ಪ್ರಾಮಾಣಿಕವಲ್ಲ.

ಪಿಎಲ್‌ಎ ಮತ್ತು ಪಿಎಚ್‌ಎ

ಪಿಎಲ್‌ಎ ಎಂದರೆ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಲ್ಯಾಕ್ಟಿಕ್ ಆಮ್ಲವನ್ನಾಗಿಸಿ, ಅದನ್ನು ಲ್ಯಾಕ್ಟೈಡ್ ಆಗಿ ಶುದ್ಧೀಕರಿಸಿ, ಸರಪಳಿ ಜೋಡಿಸಿದ ಪಾಲಿಮರ್. ಒಂದು ಕಿಲೋ ಪಿಎಲ್‌ಎಗೆ ಸುಮಾರು ಒಂದೂವರೆ ಕಿಲೋಗಿಂತ ಹೆಚ್ಚು ಸಕ್ಕರೆ ಬೇಕು. ಹಳೆಯ ಪದ್ಧತಿಯಲ್ಲಿ ಪ್ರತಿ ಟನ್ ಲ್ಯಾಕ್ಟಿಕ್ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಉಳಿಯುತ್ತದೆ, ಅದನ್ನೂ ಎಲ್ಲಾದರೂ ವಿಲೇವಾರಿ ಮಾಡಬೇಕು. ಬಲರಾಂಪುರ್ ಚೀನಿ ಮಿಲ್ಸ್ 2024ರಲ್ಲಿ ಉತ್ತರ ಪ್ರದೇಶದ ಕುಂಭಿಯಲ್ಲಿ ಪಿಎಲ್‌ಎ ಕಾರ್ಖಾನೆ ಘೋಷಿಸಿದಾಗ ಮಾತು ಕೇಳಿಬಂದದ್ದು ಎರಡು ಸಾವಿರ ಕೋಟಿ ರೂಪಾಯಿಯ ಮೇಲಿನ ಬಂಡವಾಳದ್ದು. ಪ್ರಾಜ್ ಇಂಡಸ್ಟ್ರೀಸ್ ಅದೇ ವರ್ಷ ಪುಣೆ ಬಳಿಯ ಜೆಜುರಿಯಲ್ಲಿ ಪ್ರಾತ್ಯಕ್ಷಿಕೆಯ ಘಟಕವೊಂದನ್ನು ತೆರೆದಿದೆ. ಇದು ಸಕ್ಕರೆ ಕಾರ್ಖಾನೆಗಳ ಒಕ್ಕೂಟವೋ ದೊಡ್ಡ ಕಂಪನಿಯೋ ಆಡಬೇಕಾದ ಆಟ. ಕಬ್ಬಿನ ಸಿಪ್ಪೆ ಅಥವಾ ತೊಗರಿ ಕಟ್ಟಿಗೆಯಿಂದ ಪಿಎಲ್‌ಎ ಮಾಡುತ್ತೇವೆಂದು ಸಣ್ಣ ಹೂಡಿಕೆದಾರರಿಂದ ಹಣ ಕೇಳುವವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ: ಮರದಂಥ ನಾರಿನಿಂದ ಸಕ್ಕರೆ ಬಿಡಿಸಲು ಒತ್ತಡದ ಉಗಿ, ಆಮ್ಲ, ಕಿಣ್ವ ಎಲ್ಲವೂ ಬೇಕಾಗಿದ್ದು, ಇಂದು ಮಾರುಕಟ್ಟೆಯಲ್ಲಿರುವ ಪಿಎಲ್‌ಎ ಬಹುಪಾಲು ನೇರ ಸಕ್ಕರೆ ಅಥವಾ ಮೆಕ್ಕೆಜೋಳದ ಪಿಷ್ಟದಿಂದಲೇ ಬರುತ್ತಿದೆ.

ಪಿಎಲ್‌ಎ ಕಾಳು ಕೊಂಡು ವಸ್ತು ಎರಕ ಹೊಯ್ಯುವುದು ಬೇರೆ ಮಾತು, ಅದಕ್ಕೆ ಸಾಮಾನ್ಯ ಇಂಜೆಕ್ಷನ್ ಯಂತ್ರ ಸಾಕು. ಆದರೆ ಪಿಎಲ್‌ಎ 55–60 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಮೇ ತಿಂಗಳಲ್ಲಿ ತಗಡಿನ ಗೋದಾಮಿನಲ್ಲಿಟ್ಟ ಲೋಟಗಳು ಒಂದರೊಳಗೊಂದು ಕಚ್ಚಿಕೊಂಡು ಸೊಟ್ಟಗಾದರೆ ಆಶ್ಚರ್ಯಪಡಬೇಕಿಲ್ಲ. ಬಿಸಿ ಚಹಾಕ್ಕಂತೂ ಸಾದಾ ಪಿಎಲ್‌ಎ ಲೋಟ ಬರುವುದೇ ಇಲ್ಲ. ಕೊಳೆಯುವ ವಿಷಯದಲ್ಲೂ ಅದಕ್ಕೆ ಅದೇ ಶಾಖ ಬೇಕು, ಎರೆ ಮಣ್ಣಿನಲ್ಲಿ ಹೂತರೆ ವರ್ಷ ಕಳೆದರೂ ಆಕಾರ ಉಳಿಸಿಕೊಂಡಿರಬಹುದು.

ಪಿಎಚ್‌ಎಯ ಗುಣ ಇದಕ್ಕಿಂತ ಒಂದು ತೂಕ ಮೇಲು. ಬ್ಯಾಕ್ಟೀರಿಯಾಗಳು ತಮ್ಮ ದೇಹದಲ್ಲೇ ಕೂಡಿಡುವ ಈ ಪಾಲಿಮರನ್ನು 1926ರಲ್ಲಿ ಫ್ರಾನ್ಸಿನ ಮಾರಿಸ್ ಲೆಮೊಯಿನ್ ಗುರುತಿಸಿದ. ಸಾಮಾನ್ಯ ಮಣ್ಣಿನಲ್ಲಿ, ಸಮುದ್ರದ ನೀರಿನಲ್ಲಿಯೂ ಇದು ಕೊಳೆಯುತ್ತದೆ. ಬ್ರೆಜಿಲಿನಲ್ಲಿ ಸಕ್ಕರೆ ಕಾರ್ಖಾನೆಯ ಆವರಣದಲ್ಲೇ ಇದನ್ನು ತಯಾರಿಸಿ ನೋಡಿದ್ದಾರೆ. ಅಲ್ಲಿ ಒಂದು ಕಿಲೋಗೆ ಮೂರು ಕಿಲೋದಷ್ಟು ಸಕ್ಕರೆ ಹಿಡಿಯಿತು. ಕಾಕಂಬಿಯಿಂದಲೂ ಆಗುತ್ತದೆ. ಬೆಲೆ ಮಾತ್ರ ಇಂದಿಗೂ ಸಾಮಾನ್ಯ ಪ್ಲಾಸ್ಟಿಕ್ಕಿನ ಹಲವು ಪಟ್ಟು, ಕರಗುವ ಶಾಖಕ್ಕೂ ಹಾಳಾಗುವ ಶಾಖಕ್ಕೂ ಅಂತರ ಕಡಿಮೆಯಿರುವುದರಿಂದ ಯಂತ್ರದ ಮೇಲೆ ಪಳಗಿದ ಕೈ ಬೇಕು. ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಳ್ಳೆಯ ವಿಷಯ, ಬ್ಯಾಂಕ್ ಸಾಲಕ್ಕೆ ಅಲ್ಲ.

ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಮಾತು

ಈ ಕಟ್ಟಿಗೆಗಳಿಂದ ನಾರಿನ ಮುಖ್ಯ ಪದಾರ್ಥವಾದ ಸೆಲ್ಯುಲೋಸ್ ತೆಗೆದು ಪಾರದರ್ಶಕ ಹಾಳೆ ಮಾಡುವುದು ತಾತ್ವಿಕವಾಗಿ ಸಾಧ್ಯ, ಸೆಲೋಫೇನ್ ಆದದ್ದು ಹಾಗೆಯೇ. ಆದರೆ ಅದಕ್ಕೆ ಕಾರ್ಬನ್ ಡೈಸಲ್ಫೈಡ್‌ನಂಥ ವಿಷಕಾರಿ ದ್ರವ ಬೇಕು, ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿರುವ ನೀಲಗಿರಿ ತಿರುಳಿನ ಕಾರ್ಖಾನೆಯಷ್ಟು ದೊಡ್ಡ ಏರ್ಪಾಡು ಬೇಕು. ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹತ್ತಿ ಕಟ್ಟಿಗೆಯಿಂದ ಹಲಗೆ ಮಾಡುವ ವಿಧಾನಗಳನ್ನು ರೂಪಿಸಿದೆ, ಅದು ಬೇರೆಯೇ ಉದ್ಯಮ. ಕಟ್ಟಿಗೆಯ ಚೂರಿನ ಮೇಲೆ ಅಣಬೆಯ ಬೀಜ ಬಿತ್ತಿ, ಅಚ್ಚಿನಲ್ಲಿ ಬೆಳೆಸಿ, ಒಣಗಿಸಿ ಥರ್ಮಾಕೋಲಿನ ಬದಲಿಗೆ ಪ್ಯಾಕಿಂಗ್ ಮಾಡುವುದು ಕಡಿಮೆ ಖರ್ಚಿನದು. ಆದರೆ ನಮ್ಮ ಬೇಸಿಗೆಯ ಶಾಖದಲ್ಲಿ ಅಣಬೆ ಎಳೆ ಬೆಳೆಯಬೇಕಾದರೆ ತಂಪು ಕೋಣೆ ಬೇಕು, ಗಿರಾಕಿಗಳಾದ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬೆಂಗಳೂರು, ಹೈದರಾಬಾದ್‌ಗಳಲ್ಲಿವೆ.

ನಾನು ಹೆಚ್ಚು ಭರವಸೆಯಿಡುವುದು ಯಾರೂ ಅಷ್ಟಾಗಿ ಮಾತಾಡದ ಒಂದು ವಸ್ತುವಿನ ಮೇಲೆ, ಅದು ಸಸಿ ಕುಂಡ. ಬೀದರ್, ಕಲಬುರಗಿಗಳಲ್ಲಿ ತೊಗರಿಯನ್ನು ಪಾಲಿಥೀನ್ ಚೀಲದಲ್ಲಿ ಸಸಿ ಮಾಡಿ ನಾಟಿ ಹಾಕುವ ಪದ್ಧತಿಯಿದೆ. ಐದಡಿ ಸಾಲು, ಮೂರಡಿ ಗಿಡದ ಅಂತರ ಹಿಡಿದರೆ ಎಕರೆಗೆ ಸುಮಾರು 2,900 ಸಸಿ, ಅಷ್ಟೇ ಚೀಲ. ನಾಟಿಯ ದಿನ ಆಳುಗಳು ಒಂದೊಂದೇ ಚೀಲ ಹರಿದು ಬಿಸಾಡುತ್ತಾರೆ, ಹರಿದ ಚೂರುಗಳು ಎರೆ ಮಣ್ಣಿನ ಬಿರುಕಿನಲ್ಲಿ ಸೇರಿ ಕುಂಟೆ ಹೊಡೆದಾಗಲೆಲ್ಲ ಮೇಲೇಳುತ್ತವೆ. ಇಲ್ಲಿ ಕುಂಡ ಬಾಳಬೇಕಾದದ್ದು ನಾಲ್ಕೈದು ವಾರ ಮಾತ್ರ. ಅನ್ನ–ಸಾರು ತಡೆಯಬೇಕಿಲ್ಲ, ಆಹಾರ ಸುರಕ್ಷತೆಯ ಪರೀಕ್ಷೆಯ ಗೊಡವೆ ಇಲ್ಲ, ಮೇಲ್ಮೈ ನುಣುಪಾಗಿರಬೇಕೆಂದಿಲ್ಲ. ಪುಡಿ ಮಾಡಿದ ತೊಗರಿ ಕಟ್ಟಿಗೆ, ಹೊಟ್ಟು, ಸಗಣಿ ಅಥವಾ ಪಿಷ್ಟದ ಅಂಟು ಸೇರಿಸಿ ಒತ್ತಿದ ಕುಂಡವನ್ನು ಸಸಿಯ ಸಮೇತ ನೆಟ್ಟರೆ ಬೇರಿಗೂ ಪೆಟ್ಟಿಲ್ಲ, ಹರಿಯುವ ಕೂಲಿಯೂ ಇಲ್ಲ. ಪಿಷ್ಟದ ದೌರ್ಬಲ್ಯವೆಂದು ಮೇಲೆ ಹೇಳಿದ, ನೀರಿಗೆ ಮೆತ್ತಗಾಗುವ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೊಡಕು ಬೆಲೆಯದು: ಸಸಿ ಚೀಲ ಪೈಸೆಗಳ ಲೆಕ್ಕದ ವಸ್ತು, ಒತ್ತಿದ ಕುಂಡ ಅದರ ಕೆಲವು ಪಟ್ಟು ಬೀಳುತ್ತದೆ. ಹಾಗಾಗಿ ತೊಗರಿಗಿಂತ ಮೊದಲು ಮೆಣಸಿನಕಾಯಿ, ಪಪ್ಪಾಯಿಯ ನರ್ಸರಿಗಳಿಗೆ, ಅರಣ್ಯ ಇಲಾಖೆಯ ಸಸಿಗಳಿಗೆ ಮಾರುವುದು ಸರಿ.

ಯಾರಿಗೆ ಯಾವುದು

ಹತ್ತು ಲಕ್ಷದೊಳಗಿನ ಬಂಡವಾಳದ ಸ್ವಸಹಾಯ ಗುಂಪು ಅಥವಾ ಒಬ್ಬಂಟಿ ಉದ್ಯಮಿಗೆ ಸಸಿ ಕುಂಡ, ನಂತರ ತೌಡಿನ ತಟ್ಟೆ. ಈ ಕ್ರಮವನ್ನು ತಿರುವು ಮುರುವು ಮಾಡಬಾರದು, ಏಕೆಂದರೆ ಕುಂಡದ ಅಚ್ಚಿನಲ್ಲಿ ಕಲಿತ ಹದ ತಟ್ಟೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಐವತ್ತು ಲಕ್ಷದವರೆಗಿನ ತಯಾರಿಕಾ ಘಟಕಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ) ಯೋಜನೆಯಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗಕ್ಕೆ ನೂರಕ್ಕೆ 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ನೂರಕ್ಕೆ 35 ಸಹಾಯಧನವಿದೆ. ಈ ಮಿತಿಯಲ್ಲಿ ತೌಡಿನ ತಟ್ಟೆಯ ಘಟಕವನ್ನೂ, ಹಳೆಯ ಯಂತ್ರವಿದ್ದವರು ಚೀಲದ ಘಟಕವನ್ನೂ ಹೊಂದಿಸಬಹುದು. ದಾಲ್‌ಮಿಲ್ಲಿನವರು ಹೊಟ್ಟನ್ನು ಪಶು ಆಹಾರಕ್ಕೆ ಮಾರಿ ಬರುವ ಹಣವನ್ನು ಕಚ್ಚಾ ಮಾಲಿನ ಬೆಲೆಯೆಂದೇ ಲೆಕ್ಕಕ್ಕೆ ಹಿಡಿಯಬೇಕು. ಮನೆಯದೆಂದು ಸೊನ್ನೆ ಬರೆದರೆ ವರದಿಯಲ್ಲಿ ಮಾತ್ರ ಲಾಭ ಕಾಣುತ್ತದೆ. ಕೋಟಿಯ ಮೇಲಿನವರಿಗೆ ಕೊಂಡ ತಿರುಳಿನಿಂದ ತಟ್ಟೆ, ಅದೂ ವರ್ಷಪೂರ್ತಿ ಖರೀದಿಸುವ ಗಿರಾಕಿಯ ಒಪ್ಪಂದ ಕೈಯಲ್ಲಿದ್ದರೆ. ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳು ಮಾತ್ರ ಪಿಎಲ್‌ಎಯ ಬಗ್ಗೆ ಯೋಚಿಸಲಿ.

ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಮಾರಾಟಗಾರನ ಅಚ್ಚಿನಲ್ಲಿ ನಿಮ್ಮದೇ ಹೊಟ್ಟಿನಿಂದ ನೂರು ತಟ್ಟೆ ಒತ್ತಿಸಿ ತನ್ನಿ. ಅವನು ತನ್ನ ತೌಡಿನಿಂದ ಮಾಡಿ ತೋರಿಸಿದ್ದನ್ನು ಒಪ್ಪಬೇಡಿ. ಅವುಗಳಲ್ಲಿ ಕೆಲವಕ್ಕೆ ಕುದಿಯುವ ಸಾರು ಹಾಕಿ ಅರ್ಧ ಗಂಟೆ ಬಿಡಿ, ತಳ ಒದ್ದೆಯಾಯಿತೇ ಎಂದು ಕಾಗದದ ಮೇಲಿಟ್ಟು ನೋಡಿ. ಕೆಲವನ್ನು ತಗಡಿನ ಮಾಡಿನಡಿ ಬಿಸಿಲುಗಾಲ ಪೂರ್ತಿ ಇಡಿ. ಉಳಿದವನ್ನು ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ ಹೊಲದಲ್ಲಿ ಒಂದು ಗೇಣು ಆಳಕ್ಕೆ, ಒಂದು ಭಾಗ ನೀರಾವರಿ ಜಾಗದಲ್ಲಿ, ಒಂದು ಭಾಗ ಒಣಭೂಮಿಯಲ್ಲಿ ಹೂತು, ತಿಂಗಳಿಗೊಮ್ಮೆ ತೆಗೆದು ತೂಗಿ. ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ಪರೀಕ್ಷಾ ಕೇಂದ್ರಕ್ಕೆ ಮಾದರಿ ಕಳಿಸುವ ಖರ್ಚು ಮಾಡುವುದು ಈ ಮೂರರಲ್ಲೂ ಪಾಸಾದ ಮೇಲೆ. ತೊಗರಿ ರಾಶಿ ಡಿಸೆಂಬರ್–ಜನವರಿಯಲ್ಲಿ ಬರುವುದರಿಂದ ಕಟ್ಟಿಗೆ ಸಂಗ್ರಹಕ್ಕೆ ಸಿಗುವುದು ಎರಡು ತಿಂಗಳು ಮಾತ್ರ; ಮಳೆ ಬೀಳುವ ಮೊದಲು ಪುಡಿ ಮಾಡಿ, ಒಣಗಿಸಿ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಚೀಲ ಕಟ್ಟಿ ಇಡುವ ಜಾಗವನ್ನು ಯಂತ್ರಕ್ಕಿಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು.